ಒಂಬತ್ತನೆಯ ನಡೆ

೧೧ ಅಕ್ಟೋಬರ್ ೨೦೦೯, ಭಾನುವಾರ. ಸಂಜೆ

ಹದಿನಾಲ್ಕು ನಡೆ. ಸ್ವಾತಿ, ವಿಶಾಲ್ ಕೈ ಕುಲುಕಿದರು. ಡ್ರಾ. ರಾಜ್ಯ ತಂಡದ ಆಯ್ಕೆಗೆ ಕುಂದಾಪುರದಲ್ಲಿ ನಡೆದ ಚೆಸ್ ಪಂದ್ಯ, ಕೊನೆಯ ಸುತ್ತು, ಇಪ್ಪತ್ತೇ ನಿಮಿಷ! ಸ್ವಾತಿಗೂ ವಿಶಾಲ್‌ಗೂ ಜಾಗ ಸಿಕ್ಕಿತು. ಒಬ್ಬರು ಸೋತಿದ್ದರೆ ಆ ಜಾಗ ಕೆರಾಡಿಯ ನವ್ಯಶ್ರೀಗೆ. ಅವಳು ನಾಲ್ಕು ಗಂಟೆ ಕೂತು ಗೆದ್ದು, ಸುಮ್ಮನೆ ಬಸ್ಸಿಗೆ ಹೋದಳು.

ವಿಶಾಲ್ ಯಾರು? ಸಂಘದ ಕಾರ್ಯದರ್ಶಿ ರತ್ನಾಕರನ ಅಕ್ಕನ ಮಗ. ೧೯೯೭ರಲ್ಲಿ ಬೈಂದೂರಿನ ಹುಡುಗಿಯೊಬ್ಬಳ ಅರ್ಜಿ ‘ತಡವಾಯಿತು’ ಎಂದು ಬದಿಗಿಟ್ಟವನೂ ಇದೇ ರತ್ನಾಕರ. ಮರೆತಿಲ್ಲ. ಡ್ರಾ ಮೊದಲೇ ಮಾತಾಡಿಕೊಂಡದ್ದೇ ಎಂದು ಎದುರಿಗೇ ಕೇಳಿದೆ.

“ಹ್ವಾಯ್ ಮಾಷ್ಟ್ರೆ, ಚಾಂಪಿಯನ್ ಡ್ರಾ ಮಾಡ್ರೆ ನಿಮ್ಗೆಂತ ಹೊಟ್ಟಿ ಉರಿ?” ನಕ್ಕ.

ಸ್ವಾತಿ ಪಾಪ. ತ್ರಾಸಿಯ ಮೀನುಗಾರ ಗುಡ್ಡನ ಮಗಳು. ಒಂಬತ್ತು ವರ್ಷದವಳಿದ್ದಾಗಿನಿಂದ ನಾನೇ ಕಲಿಸಿದ್ದು. ೨೦೦೬ರ ರಾಷ್ಟ್ರೀಯ ಚಾಂಪಿಯನ್. ಅವಳನ್ನು ಇವರು ಹೆದರಿಸಿರಬೇಕು...

೧೩ ಅಕ್ಟೋಬರ್

ತೀರ್ಪುಗಾರ ಚೆನ್ನಯ್ಯ ಇಬ್ಬರ ಸ್ಕೋರ್‌ಶೀಟ್ ತೋರಿಸಿದರು. ನಡೆ ಆಡಿದ ಮೇಲೆಯೇ ಆಟಗಾರ ಅದನ್ನು ಬರೆಯಬೇಕು — ನಿಯಮ. ಸ್ವಾತಿಯ ಪ್ರತಿ ಆಟವನ್ನೂ ನಾನೂ ದೂರ ನಿಂತು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಹನ್ನೆರಡು ವರ್ಷದ ಅಭ್ಯಾಸ. ಹೋಲಿಸಿದೆ.

ಬೋರ್ಡಿನ ಮೇಲೆ ಸ್ವಾತಿಯ ಒಂಬತ್ತನೆಯ ನಡೆ ಒಂಟೆ, ಹತ್ತನೆಯದು ಕುದುರೆ. ಅವಳ ಶೀಟಿನಲ್ಲಿ ಕುದುರೆ ಮೊದಲು. ವಿಶಾಲ್ ಶೀಟಿನಲ್ಲೂ ಕುದುರೆ ಮೊದಲು. ಇಬ್ಬರಿಗೂ ಒಂದೇ ತಪ್ಪು! ಆಡುವ ಮೊದಲೇ ಬರೆದಿದ್ದರು.

“ನೀವೇ ತಪ್ ಬರ್ದಿಪ್ಪುಕೂ ಸಾಕ್, ಮಾಷ್ಟ್ರೆ,” ಎಂದರು ಚೆನ್ನಯ್ಯ.

“ಇಷ್ಟ್ ವರ್ಷದಲ್ ಒಂದ್ ತಪ್ ತೋರ್ಸಿ.”

ಅವರು ಕನ್ನಡಕ ಒರೆಸಿಕೊಂಡರು. ಭಾನುವಾರ ಸಮಿತಿ ಸೇರುತ್ತದೆ. ಲಿಖಿತ ದೂರು, ಜೊತೆಗೆ ನನ್ನ ಪುಸ್ತಕ ಬೇಕಂತೆ.

೧೪ ಅಕ್ಟೋಬರ್

ದೂರು ಬರೆದೆ. ಮೂರು ಪುಟ. ರತ್ನಾಕರನ ಹೆಸರು ಹನ್ನೊಂದು ಸಲ ಬಂದಿದೆ. ಬರಲಿ.

೧೬ ಅಕ್ಟೋಬರ್

ಸ್ವಾತಿ ಬಂದಿದ್ದಳು. ಕೂರಲಿಲ್ಲ.

“ರತ್ನಾಕರಣ್ಣಂಗ್ ಗೊತ್ತೇ ಇಲ್ಲೆ, ಮಾಷ್ಟ್ರೆ. ವಿಶಾಲನತ್ರ ಡ್ರಾ ನಾನೇ ಕೇಂಡದ್.”

“ಎಂತಕ್ಕೆ?”

“ಗೆಲ್ಲುಕ್ ಆತಿಲ್ಲೆ ಈಗ. ಬೋರ್ಡ್ ಎದ್ರ್ ಕೂತ್ರೆ ಒಂದ್ ನಡೆಯೂ ಕಾಣ್ತಿಲ್ಲೆ. ಊರೆಲ್ಲ ಚಾಂಪಿಯನ್ ಅಂತ್ರ್...” ಮೇಜಿನ ಮೇಲಿದ್ದ ಪುಸ್ತಕ ನೋಡಿದಳು. “ನಿಮ್ ಪುಸ್ತ್ಕ ಕೊಟ್ರೆ ನನ್ ಆಟ ಮುಗೀತ್.”

ಅವಳು ಹೋದ ಮೇಲೆ ೨೦೦೬ರ ಪುಸ್ತಕ ತೆಗೆದೆ. ಪ್ರಶಸ್ತಿಯ ಕೊನೆಯ ಸುತ್ತು. ಹದಿನಾರು ನಡೆ, ಡ್ರಾ. ಅಂದು ಮೊದಲು ಚಪ್ಪಾಳೆ ತಟ್ಟಿದವನು ನಾನು. ಅದೂ...? ಶೀಟು ಈಗ ಎಲ್ಲಿ ಸಿಗಬೇಕು. ಇನ್ನು ಯಾವ ಆಟವನ್ನು ನಂಬಲಿ?

೧೮ ಅಕ್ಟೋಬರ್, ಭಾನುವಾರ. ಬೆಳಿಗ್ಗೆ ೧೦.೨೦

ಸಂಘದ ಕಚೇರಿ, ಹೊರಗಿನ ಬೆಂಚು. ರತ್ನಾಕರ ಹಾದುಹೋಗುತ್ತಾ, “ನನ್ ಮೇಲ್ ಎಷ್ಟ್ ಪುಟ, ಮಾಷ್ಟ್ರೆ?”

“ಒಂದೂ ಇಲ್ಲ. ಹರಿದ್ ಹಾಕ್ದೆ.”

ನಗಲಿಲ್ಲ. ನಿಂತು ನನ್ನ ಮುಖವನ್ನೇ ನೋಡಿದ. ಈಗ ಅವನಿಗೂ ನನ್ನ ಮಾತಿನ ಮೇಲೆ ಅನುಮಾನ.

ನವ್ಯಶ್ರೀಯ ತಾಯಿ ಜಲಜ ಮೊದಲ ಬಸ್ಸಿಗೇ ಬಂದು ಪಕ್ಕದಲ್ಲಿ ಕೂತಿದ್ದಾರೆ. “ಎಂತಾರೂ ಆತ್ತಾ?” ಎಂದು ಎರಡು ಸಲ ಕೇಳಿದರು.

ಹೊಸ ದೂರು ಅರ್ಧ ಪುಟ. ಯಾರ ಮೇಲೆ ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ. ಒಳಗೆ ಕರೆಯುತ್ತಿದ್ದಾರೆ. ಕೈ ಬರುತ್ತದೋ ಇಲ್ಲವೋ, ಮೊದಲು ಇಲ್ಲಿ ಬರೆದು ನೋಡುತ್ತೇನೆ — ತ್ರಾಸಿಯ ಗುಡ್ಡನ ಮಗಳು, ಸ್ವಾ