ಕಳೆದದ್ದಲ್ಲ, ಕಳವಾದದ್ದು

ಕಾಗದದ ಮೇಲೆ ಕಳ್ಳರನ್ನೆಲ್ಲ ಮುಗಿಸಿಬಿಟ್ಟಿರುವ ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳೇ,

ನಮ್ಮ ಬಡಾವಣೆಯಲ್ಲಿ ಕಳ್ಳತನ ಅರ್ಧಕ್ಕರ್ಧ ಇಳಿದಿದೆ, ಆದ್ದರಿಂದ ಇಲ್ಲಿನ ಉಪಠಾಣೆಯನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಮುಚ್ಚಲಾಗುವುದು ಎಂಬ ತಮ್ಮ ಪ್ರಕಟಣೆಯನ್ನು ಓದಿದೆ. ಅದನ್ನು ಉಪಠಾಣೆಯ ಗೋಡೆಗೇ ಅಂಟಿಸಿದ್ದೀರಿ, ಓದದೆ ಮುಂದೆ ಹೋಗುವ ಹಾಗೂ ಇರಲಿಲ್ಲ. ಆ ಅಂಕಿ-ಅಂಶ ಸುಳ್ಳು. ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಾ? ಅದರಲ್ಲಿನ ಒಂದು ಸುಳ್ಳಿಗೆ ಪಕ್ಕದಲ್ಲಿ ನಿಂತು ಹೂಂ ಅಂದವನು ನಾನೇ.

ನಾನು ಬೀಗ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಎದುರು, ಝೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಕೀ ಇಲ್ಲವೆಂದು ಯಾರೇ ಬಂದರೂ ಮೊದಲು ಕೇಳುವುದು ಒಂದೇ ಮಾತು: "ಕಳೆದಿದ್ದಾ, ಕಳವಾಗಿದ್ದಾ?" ಕಳೆದಿದ್ದರೆ ಮನೆಯಲ್ಲಿರುವ ಇನ್ನೊಂದು ಕೀ ನೋಡಿ ನಕಲು ಮಾಡಿಕೊಡುತ್ತೇನೆ. ಕಳವಾಗಿದ್ದರೆ ಬೀಗವನ್ನೇ ಬದಲಾಯಿಸುತ್ತೇನೆ, ಗಿರಾಕಿ ಬೇಡವೆಂದರೂ ಬಿಡುವುದಿಲ್ಲ. ನನ್ನ ಕಸುಬಿನ ಕಾನೂನೆಲ್ಲ ಇಷ್ಟೇ. ತಮ್ಮ ಕಚೇರಿಯಲ್ಲಿ ಕಳ್ಳತನ ಇಳಿಯುತ್ತಾ ಬಂದ ಈ ಎರಡು ವರ್ಷಗಳಲ್ಲಿ, ವಾರಕ್ಕೆ ಎರಡು ಬೀಗ ಬದಲಾಯಿಸುತ್ತಿದ್ದ ನಾನು ಈಗ ದಿನಕ್ಕೆ ಮೂರು ಬದಲಾಯಿಸುತ್ತಿದ್ದೇನೆ. ಜನ ಮೋಜಿಗೆ ಬೀಗ ಬದಲಾಯಿಸುತ್ತಿದ್ದಾರೆಯೇ?

ಹೋದ ತಿಂಗಳು ಒಂದು ಸೋಮವಾರ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ತಂಗಿ ಬಸ್ಸಿಳಿದು ಬರುತ್ತಿದ್ದಾಗ, ಬೈಕಿನಲ್ಲಿ ಬಂದ ಇಬ್ಬರು ಅವಳ ಹೆಗಲಿನ ಚೀಲ ಕಿತ್ತುಕೊಂಡು ಹೋದರು. ಚೀಲದಲ್ಲಿ ಮನೆಯ ಕೀ ಇತ್ತು. ವಿಳಾಸವಿರುವ ಗುರುತಿನ ಚೀಟಿಯೂ ಇತ್ತು. ಅವಳನ್ನು ಕರೆದುಕೊಂಡು ಉಪಠಾಣೆಗೆ ಹೋದೆ. ಅಲ್ಲಿದ್ದವರು ಹೆಡ್ ಕಾನ್‌ಸ್ಟೇಬಲ್ ಒಬ್ಬರೇ. ಎಂಟು ಜನ ಇರಬೇಕಾದ ಕಡೆ ಇರುವುದು ಮೂವರು. ಅವರಲ್ಲೂ ಒಬ್ಬರು ಬಂದೋಬಸ್ತಿಗೆ, ಇನ್ನೊಬ್ಬರು ಕೋರ್ಟಿಗೆ ಹೋಗಿದ್ದರು. ಜೀಪು ಹಿಂದಿನ ಅಂಗಳದಲ್ಲಿ ಚಕ್ರಗಳಿಲ್ಲದೆ ಇಟ್ಟಿಗೆಗಳ ಮೇಲೆ ಕೂತಿತ್ತು. ತಂಗಿ ಬರೆದ ದೂರನ್ನು ಅವರು ಎರಡು ಸಲ ಓದಿ, ಒಂದು ಪದದ ಕೆಳಗೆ ಪೆನ್ನಿಟ್ಟರು.

"ನೋಡಮ್ಮ, 'ಕಳವಾಗಿದೆ' ಅಂತ ಬರ್ದಿದ್ದೀರಿ. 'ಕಳೆದಿದೆ' ಅಂತ ಮಾಡ್ಬಿಡಿ."

"ಕಳೆದಿಲ್ಲ ಸರ್, ಕಿತ್ಕೊಂಡು ಹೋದ್ರು. ಹೆಗಲು ನೋಡಿ, ಇನ್ನೂ ಕೆಂಪಗಿದೆ."

"ಗೊತ್ತಮ್ಮ. ಆದ್ರೆ ಕಳವು ಅಂದ್ರೆ ಕೇಸಾಗ್ಬೇಕು, ತನಿಖೆ ಆಗ್ಬೇಕು. ತನಿಖೆಗೆ ಹೋಗೋರ್ಯಾರು? ನಾನು ಎದ್ದು ಹೋದ್ರೆ ಈ ಫೋನ್ ಎತ್ತೋಕೂ ಜನ ಇಲ್ಲ. ಪತ್ತೆಯಾಗದ ಕೇಸು ಯಾಕಿಷ್ಟಿದೆ ಅಂತ ತಿಂಗಳ ಕೊನೆಗೆ ಮೇಲಿನೋರು ನನ್ನನ್ನೇ ಜಾಡಿಸ್ತಾರೆ."

ತಂಗಿ ನನ್ನ ಮುಖ ನೋಡಿದಳು. "ಬರ್ಕೊಟ್ಬಿಡು, ಒಂದು ಪದ ತಾನೆ" ಅಂದೆ. ಅವಳು ಹೊಡೆದುಹಾಕಿ ತಿದ್ದಿದಳು. ಒಂದು ಪದ ಹೋಯಿತು, ಅದರ ಜೊತೆಗೆ ತಮ್ಮ ಜಿಲ್ಲೆಯ ಒಂದು ಅಪರಾಧವೂ ಹೋಯಿತು. ಎಷ್ಟು ಸಲೀಸಾದ ಪೊಲೀಸ್ ಕೆಲಸ ಸ್ವಾಮಿ ಇದು. ಜೀಪು ಬೇಡ, ಜನ ಬೇಡ, ಒಂದು ಪೆನ್ನಿದ್ದರೆ ಸಾಕು.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮರುದಿನ ತಂಗಿ ನನ್ನಲ್ಲಿಗೆ ಬಂದಾಗ ಎದುರಿಗೆ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. "ಅಣ್ಣ, ಬೀಗ ಬದಲಾಯಿಸ್ತೀಯಾ?" ಅಂದಳು. "ಭಾನುವಾರ ಬರ್ತೀನಿ, ಅಲ್ಲೀವರೆಗೆ ಇದನ್ನಿಟ್ಕೋ" ಎಂದು, ಅವಳ ಜೊತೆಗಿರುವ ನಮ್ಮಮ್ಮನ ಕೀ ನೋಡಿ ನಕಲು ಮಾಡಿಕೊಟ್ಟೆ. ಊರಿಗೆಲ್ಲ ಕೇಳುವ ಪ್ರಶ್ನೆಯನ್ನು ಸ್ವಂತ ತಂಗಿಗೆ ಕೇಳಲಿಲ್ಲ. ಉತ್ತರವನ್ನು ಹಿಂದಿನ ದಿನವೇ ಮುದ್ರೆ ಒತ್ತಿ ಕೊಟ್ಟಿದ್ದರಲ್ಲ, ಕಳೆದಿದೆ ಅಂತ. ತಮ್ಮ ಇಲಾಖೆಯ ಕಾಗದವನ್ನು ನಂಬಿದ ಒಬ್ಬನೇ ಒಬ್ಬ ಪ್ರಜೆ ಬಹುಶಃ ನಾನಿರಬೇಕು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ತಂಗಿಯ ಮನೆಯ ಬಾಗಿಲಲ್ಲಿ ಕೀ ತಿರುಗಿತು. ಅಮ್ಮ ಒಳಗೆ ಬಟ್ಟೆ ಮಡಿಸುತ್ತಿದ್ದಳು. "ಬಂದ್ಯಾ ಪುಟ್ಟಿ? ಇವತ್ತು ಬೇಗ ಬಿಟ್ರಾ?" ಎನ್ನುತ್ತಲೇ ಬಾಗಿಲಿಗೆ ಹೋದಳು. ಬಂದವನು ಅವಳನ್ನು ಗೋಡೆಗೆ ತಳ್ಳಿದ. ಬಲಗೈ ಮುರಿಯಿತು. ಅವನು ಏನೇನು ಒಯ್ದ ಎಂಬುದು ಇಲ್ಲಿ ಬೇಡ, ಅದರ ಬಗ್ಗೆ ಅಮ್ಮ ಒಂದು ಮಾತೂ ಆಡಿಲ್ಲ. ಆದರೆ ಈಗ ಬಾಗಿಲಲ್ಲಿ ಕೀ ಸದ್ದಾದರೆ ಸಾಕು, ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಾಳೆ. ಬೀಗವನ್ನು ನಾನು ಅಂದೇ ಬದಲಾಯಿಸಿದೆ, ನನ್ನ ಹತ್ತಿರ ಇದ್ದುದರಲ್ಲೇ ಗಟ್ಟಿಯಾದದ್ದನ್ನು ಹಾಕಿದೆ. ಕೀ ತಿರುಗುವ ಸದ್ದನ್ನು ಹೇಗೆ ಬದಲಾಯಿಸಲಿ? ತಂಗಿ ಎಂಟು ಗಂಟೆ ದುಡಿದು ಬಂದು, ಕೈಯಲ್ಲಿ ಕೀ ಹಿಡಿದುಕೊಂಡು, ತನ್ನ ಮನೆಯ ಹೊರಗೆ ನಿಂತು "ಅಮ್ಮಾ, ನಾನೇ, ನಾನೇ ಕಣಮ್ಮ" ಎಂದು ಕೂಗುತ್ತಾಳೆ. ಒಳಗಿನಿಂದ ಹೂಂ ಅಂದ ಮೇಲೆಯೇ ಬಾಗಿಲು ತೆರೆಯುತ್ತಾಳೆ.

ಮತ್ತೆ ಉಪಠಾಣೆಗೆ ಹೋದೆವು. ಅದೇ ಹೆಡ್ ಕಾನ್‌ಸ್ಟೇಬಲ್, ಅದೇ ಪೆನ್ನು. ಬಾಗಿಲು ಒಡೆದಿಲ್ಲ, ಕೀ ಕಳೆದಿದೆಯೆಂದು ಮನೆಯವರೇ ಬರೆದುಕೊಟ್ಟಿದ್ದಾರೆ, ಆದ್ದರಿಂದ ತಾಯಿಯವರು ಆಯತಪ್ಪಿ ಬಿದ್ದರು ಎಂದು ಬರೆಸಿಕೊಳ್ಳಿ ಅಂತ ಮೇಲಿನಿಂದ ಫೋನ್ ಬಂದಿತ್ತಂತೆ. ಅಷ್ಟು ಹೇಳಿ ಅವರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ಕೇಳು ಅಂದ್ರು, ಕೇಳ್ದೆ. ಈ ಸಲ ಬರ್ಕೊಡ್ಬೇಡಿ" ಅಂದರು. ಇದನ್ನು ಪತ್ರದಲ್ಲಿ ಹಾಕಲೇ ಎಂದು ಕೇಳಿದ್ದಕ್ಕೆ, "ಹಾಕಿ. ಠಾಣೆನೇ ಹೋದ್ಮೇಲೆ ನಂದೇನಿದೆ" ಅಂದರು. ಅವರಿಗೆ ನೋಟಿಸ್ ಕಳಿಸುವ ಉತ್ಸಾಹ ತಮಗೆ ಬಂದರೆ, ಅದನ್ನು ತೆಗೆದುಕೊಳ್ಳಲೂ ಅಲ್ಲಿ ಅವರೊಬ್ಬರೇ ಇದ್ದಾರೆ ಎಂಬುದು ತಮ್ಮ ಗಮನದಲ್ಲಿರಲಿ.

ನನ್ನ ಒತ್ತಾಯ ಇದು. ತಂಗಿಯ ದೂರಿನಿಂದ ತೆಗೆಸಿದ ಪದವನ್ನು ವಾಪಸ್ ಹಾಕಿ, ಅಮ್ಮನನ್ನು ತಳ್ಳಿದವನ ಮೇಲೆ ಕೇಸು ದಾಖಲಿಸಿ. ಎರಡು ವರ್ಷಗಳಿಂದ 'ಕಳೆದಿದೆ' ಎಂದು ಬರೆಸಿಕೊಂಡ ಪ್ರತಿಯೊಂದು ದೂರನ್ನೂ ತೆಗೆದು, ಕೊಟ್ಟವರನ್ನು ಕರೆಸಿ, ನಾನು ಕೇಳುವ ಪ್ರಶ್ನೆಯನ್ನೇ ಕೇಳಿ. ಆಮೇಲೆ ಎಣಿಸಿ. ಎಣಿಸಿದ ಮೇಲೆ ನಾಚಿಕೆಯಾದರೆ ಖಾಲಿ ಬಿದ್ದಿರುವ ಐದು ಕುರ್ಚಿಗಳಿಗೆ ಜನರನ್ನು ಕಳಿಸಿ, ಜೀಪಿಗೆ ಚಕ್ರ ಹಾಕಿಸಿ.

ಒಂದನೇ ತಾರೀಖು ಉಪಠಾಣೆಯ ಬಾಗಿಲಿಗೆ ಬೀಗ ಹಾಕಬೇಕು, ಬಂದು ಅಳತೆ ತೆಗೆದುಕೊಂಡು ಹೋಗು ಎಂದು ತಮ್ಮ ಕಚೇರಿಯಿಂದ ನನಗೇ ಹೇಳಿಕಳಿಸಿದ್ದಾರೆ. ಬಡಾವಣೆಗೆಲ್ಲ ಬೀಗದವನು ನಾನೊಬ್ಬನೇ ಇರುವುದು. ಆ ಬೀಗವನ್ನು ನಾನು ಹಾಕುವುದಿಲ್ಲ. ಬೇರೆ ಯಾರಿಂದಲಾದರೂ ಹಾಕಿಸಿ, ಕೀಯನ್ನು ತಾವೇ ಇಟ್ಟುಕೊಳ್ಳಿ. ಮುಂದೊಂದು ದಿನ ಅದು ಜೇಬಿನಲ್ಲಿ ಕಾಣದೆ ಹೋದರೆ ಸಂಕೋಚ ಬೇಡ, ಮೆಟ್ಟಿಲ ಕೆಳಗೆ ಬನ್ನಿ. ತಮಗೂ ಅದೇ ಪ್ರಶ್ನೆ ಕೇಳುತ್ತೇನೆ.

ಇಂತಿ,
ಅದನ್ನು ತಂಗಿಗೆ ಕೇಳದೆ ಹೋದ
ಬೀಗದವನು