ಸುರಂಗದ ಗೋಡೆಯ ಮೇಲೆ ಗುಂಡುಮಾವ

ಗುಂಡುಮಾವ, ನಮಸ್ಕಾರ. ನೀನು ಆರು ವರ್ಷ ನೆಲದಡಿ ಅಗೆದ ರೈಲು ನಿಲ್ದಾಣಕ್ಕೆ ಈಗ ನಲವತ್ತು ತುಂಬಿದೆಯಂತೆ. ಅದರ ಚರಿತ್ರೆಯನ್ನು ಗೋಡೆಯುದ್ದಕ್ಕೂ ಫೋಟೊ ಹಾಕಿ ತೋರಿಸಿದ್ದಾರೆ. ಇವತ್ತು ನೋಡಿದೆ, ಮೈಯೆಲ್ಲ ಉರಿದುಹೋಯಿತು. ರಿಬ್ಬನ್ ಕತ್ತರಿಸಿದವರಿಗೆಲ್ಲ ಹೆಸರಿದೆ. ಸುರಂಗ ಕೊರೆದ ಯಂತ್ರಕ್ಕೂ ಒಂದು ಮುದ್ದಿನ ಹೆಸರು, ಹುಟ್ಟಿದ ತಾರೀಖು, ತೂಕ! ಅದರ ಪಕ್ಕ ಹೆಲ್ಮೆಟ್ ಹಾಕಿಕೊಂಡು ನಿಂತಿರುವವನು ನೀನು. ಕೆಳಗೆ ಬರೆದಿರುವುದು: ‘ಯಂತ್ರದ ಎತ್ತರ ತಿಳಿಯಲು ಪಕ್ಕದಲ್ಲಿ ಒಬ್ಬ ಕೆಲಸಗಾರ.’

ಸ್ಟೇಷನ್ ಮಾಸ್ಟರ್ ಕೋಣೆಗೆ ನುಗ್ಗಿ, “ಅವರೇನು ಅಳತೆಪಟ್ಟಿನಾ? ಮನುಷ್ಯರು ರೀ! ಆ ಧೂಳಿಗೆ ಇವತ್ತಿಗೂ ಕೆಮ್ತಾ ಇದ್ದಾರೆ” ಎಂದು ಜಗಳಕ್ಕೇ ನಿಂತೆ. ಆತ ಶಾಂತವಾಗಿ ಪೆನ್ನು ತೆಗೆದು, “ತಪ್ಪಾಯ್ತಮ್ಮ, ಬರೆಸೋಣ. ಹೆಸರು ಹೇಳಿ” ಎಂದರು.

“ಗುಂಡುಮಾವ” ಎಂದುಬಿಟ್ಟೆ. ಹುಟ್ಟಿದಾಗಿನಿಂದ ನನಗೆ ನೀನು ಗುಂಡುಮಾವ, ಅಷ್ಟೇ. “ಗುಂಡು ಅಂತ ಬರೀಲಾ?” ಎಂದು ಕೇಳಿಬಿಟ್ಟರು!

ನಿನ್ನ ಕೆಮ್ಮಿನ ಔಷಧಿ ಎರಡು ಬಾಟಲಿ ತೆಗೆದುಕೊಂಡಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೂಡಲೇ ಕಳಿಸು. ಕಾರ್ಡ್ ತಿರುಗಿಸಿ ವಿಳಾಸ ನೋಡು, ನಿನ್ನ ಹೆಸರು ಗೊತ್ತಿಲ್ಲದೆ, ನಿನಗೆ ಬರೆದ ಕಾಗದಕ್ಕೂ ಅಲ್ಲೇ ಮನೆಯಲ್ಲಿರುವ ಅಮ್ಮನ ಹೆಸರನ್ನೇ ಹಾಕಬೇಕಾಯಿತು.

ನಿನ್ನ ಅಕ್ಕನ ಮಗಳು