ಹನ್ನೂರಿನ ಏಳು ಕುಂಡಗಳು

ಸೊಲ್ಲಾಪುರ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಶಿವಶರಣಣ್ಣಾ,

ತಂಗಿ ಛಾಯಾಳ ನಮಸ್ಕಾರ. ಆರೋಗ್ಯ ಹೇಗಿದೆ? ಸೂರತ್ತಿನ ಮಗ್ಗದ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆಯೆಂದು ನಿನ್ನ ಜೊತೆಗೆ ಕೆಲಸ ಮಾಡುವ ಸೋಮೇಶ ಊರಿಗೆ ಬಂದಾಗ ಹೇಳಿದ. ಮೂಗಿಗೆ ಬಟ್ಟೆ ಕಟ್ಟಿಕೋ, ಹಟ ಮಾಡಬೇಡ. ಅಪ್ಪನ ಮೇಲಿನ ಸಿಟ್ಟಿಗೆ ನಮ್ಮೆಲ್ಲರ ಫೋನನ್ನೂ ಎತ್ತುವುದು ಬಿಟ್ಟಿದ್ದೀಯ, ಅದಕ್ಕೇ ಈ ಕಾಗದ. ಕನ್ನಡ ಸಾಲಿ ಬಿಟ್ಟ ಮೇಲೆ ಇಷ್ಟುದ್ದ ಬರೆದಿಲ್ಲ. ತಪ್ಪು ಕಂಡರೆ ನಗಬೇಡ. ವಾಗದರಿಯಲ್ಲಿ ಅವ್ವ ಆರಾಮಾಗಿದ್ದಾಳೆ. ಅಪ್ಪ ದೀಪಾವಳಿಗೆ ಬಂದು ನನ್ನ ಖೋಲಿಯಲ್ಲಿ ಎರಡು ದಿನ ಇದ್ದು ಹೋದ.

ಸುತ್ತಿ ಬಳಸಿ ಬರೆಯುತ್ತ ಹೋದರೆ ಧೈರ್ಯ ಸಾಲುವುದಿಲ್ಲ. ನಿನ್ನ ಗಿಡಗಳು ಸತ್ತುಹೋದವು ಅಣ್ಣಾ, ಏಳೂ ಕುಂಡ. ಹನ್ನೂರಿನ ಜೌಗಿನಿಂದ ನೀನು ಬೀಜ ತಂದು ಬೆಳೆಸಿದ, ಹುಳ ಹಿಡಿದು ತಿನ್ನುವ ದವಬಿಂದು. ಆ ಜೌಗಿಗೆ ಮುರುಮು ಸುರಿದು ರಸ್ತೆ ಮಾಡಿದ ಮೇಲೆ ಅಲ್ಲಿಯ ಗಿಡವೆಂದು ನಮ್ಮ ಕೀಟಾಹಾರಿ ಸಸ್ಯ ಮಂಡಳದ ಬಳಿ ಉಳಿದದ್ದು ಇವಷ್ಟೇ. ಕುಂಡಗಳನ್ನು ನನಗೆ ಒಪ್ಪಿಸಿ ಸೂರತ್ತಿಗೆ ಹೋಗುವಾಗ ನೀನು ಹೇಳಿದ್ದು ಎರಡೇ ಮಾತು: 'ಮಳಿನೀರ ಬಿಟ್ಟು ಬ್ಯಾರೆ ಹಾಕಬ್ಯಾಡ. ಗೊಬ್ಬರ ಅಂತೂ ತೋರಸಬ್ಯಾಡ, ಬೇರ ಸುಟ್ಟ ಹೋಗ್ತಾವ.' ಎರಡು ವರ್ಷ ಹಾಗೇ ನಡೆದುಕೊಂಡೆ. ನಳ ಬಾರದ ದಿನವೂ ಡಬ್ಬಿಯ ಮಳೆನೀರು ಮುಟ್ಟಲಿಲ್ಲ. ಎಲೆಯ ಅಂಟುಹನಿಗೆ ಸೊಳ್ಳೆ ಸಿಕ್ಕರೆ ನಿನ್ನ ಹಾಗೆಯೇ 'ಊಟ ಆತೇನವಾ' ಎಂದು ಕೇಳುತ್ತಿದ್ದೆ, ಪಕ್ಕದ ಖೋಲಿಯವರು ನನಗೆ ಹುಚ್ಚು ಎಂದುಕೊಂಡಿದ್ದಾರೆ. ಈ ಸಲ ಮೊಗ್ಗೂ ಬಂದಿದ್ದವು. ಬೀಜ ಬಲಿತರೆ ಮಂಡಳದ ಹನ್ನೆರಡು ಜನ ಸದಸ್ಯರಿಗೂ ಹಂಚುವುದೆಂದು ನಿರ್ಧಾರವಾಗಿತ್ತು.

ದೀಪಾವಳಿಯ ನಂತರ ಎಲೆಯ ಹನಿಗಳು ಆರಿದವು, ಆಮೇಲೆ ಬುಡ ಕಪ್ಪಾಯಿತು. ಮಂಡಳದ ಹಿರಿಯರಾದ ತುಕಾರಾಮ ಸರ್ ಬಂದು ಒಂದು ಕುಂಡವನ್ನು ಪೇಪರಿನ ಮೇಲೆ ಬೋರಲು ಹಾಕಿದರು. ಮಣ್ಣಿನ ತುಂಬ ಕುರಿಹಿಕ್ಕೆಯ ಪುಡಿ. 'ಛಾಯಾ, ಹೇ ಕೋಣೀ ಘಾತಲಂ? ಯಾರು ಹಾಕಿದ್ರು?' ಎಂದರು. 'ನಾನ ಹಾಕೀನ್ರಿ ಸರ್, ಸೊರಗಿದಂಗ ಕಂಡ್ವು' ಎಂದೆ. ಬೈದಿದ್ದರೆ ಚೆನ್ನಾಗಿತ್ತು, ಅವರು ಚಷ್ಮಾ ಒರೆಸಿಕೊಂಡರು. ಇವತ್ತಿನ ಸಭೆಯಲ್ಲಿ ಮಂಡಳದ ಗಿಡಗಳ ಯಾದಿಯಿಂದ ಹನ್ನೂರಿನ ಹೆಸರು ಹೊಡೆದುಹಾಕಿದರು. ಮಂಡಳದ ಸಾರಿಕಾ ಅಕ್ಕ ಬೀಜಕ್ಕೆಂದು ಮಡಚಿ ತಂದಿದ್ದ ಪುಟ್ಟ ಪುಡಿಕೆಗಳನ್ನು ಮತ್ತೆ ಪರ್ಸಿಗೆ ಹಾಕಿಕೊಂಡರು.

ಬೈಯುವುದಿದ್ದರೆ ನನ್ನನ್ನೇ ಬೈ. ಹೊತ್ತಿಗೆ ಸರಿಯಾಗಿ ಉಣ್ಣು. ಬೀರೋಬಾ ನಿನ್ನ ಬೆನ್ನಿಗಿರಲಿ.

ನಿನ್ನ ತಂಗಿ,
ಛಾಯಾ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಹಿಕ್ಕೆ ಹಾಕಿದ್ದು ನಾನಲ್ಲ, ಅಪ್ಪ. 'ಕುರಿ ಕಾಯೋದು ಬಿಟ್ಟು ಹುಳ ತಿನ್ನೋ ಗಿಡ ಸಾಕ್ತಿ' ಎಂದು ಅವತ್ತು ಕುಂಡ ಒದ್ದು ನಿನ್ನನ್ನು ಮನೆಯಿಂದ ಹೊರಗೆ ಹಾಕಿದ ಅದೇ ಅಪ್ಪ. ವಾಗದರಿಯಿಂದ ಚೀಲ ಹೊತ್ತು ಬಂದು, ನಾನು ಟವೆಲ್ ಪ್ಯಾಕಿಂಗ್ ಕೆಲಸಕ್ಕೆ ಹೋದಾಗ ಒಂದೊಂದೇ ಹಿಕ್ಕೆ ಪುಡಿ ಮಾಡಿ ಏಳೂ ಕುಂಡಕ್ಕೆ ಹಾಕಿದ್ದ. 'ಇಂಥಾ ಬಡ ಮಣ್ಣಾಗ ಇಟ್ಟೀರಲ್ಲ, ಪಾಪ! ಶಿವ್ಯಾ ಬಂದಾಗ ನೋಡ್ಲಿ' ಎಂದ. ಆಗಲೇ ತೆಗೆದುಬಿಡಬಹುದಿತ್ತು. ಅವನ ಮುಖ ನೋಡಿ ಕೈ ಬರಲಿಲ್ಲ. ಅವನು ಹೋಗುವಷ್ಟರಲ್ಲಿ ಪುಡಿ ಮಣ್ಣಿಗೆ ಇಳಿದು ಹೊತ್ತು ಮೀರಿತ್ತು. ನಿನ್ನೆ ಫೋನಿನಲ್ಲಿ, 'ಗಿಡ ಹೆಂಗ ಅದಾವ? ಇನ್ನೊಂದ ಚೀಲ ತುಂಬಿಟ್ಟೀನಿ' ಎಂದ. ಚೆನ್ನಾಗಿವೆ ಎಂದುಬಿಟ್ಟೆ. ೧೭ರ ಸೋಮವಾರದ ನಂತರ ಬರುತ್ತಾನಂತೆ. ಅಷ್ಟರೊಳಗೆ ನೀನೇ ಅವನಿಗೆ ಫೋನು ಮಾಡಣ್ಣಾ. ಖಾಲಿ ಕುಂಡ ನೋಡುವ ಮೊದಲು ನಿನ್ನ ದನಿಯನ್ನಾದರೂ ಕೇಳಲಿ.